ಮೊದಲ ಸೆಮಿಸ್ಟರಿಗೆ ಸಿ ಇಡಬೇಕಾ, ಪೈಥಾನ್ ಇಡಬೇಕಾ?

ನಿಮ್ಮ ಕಾಲೇಜಿಗೆ ಈಗಷ್ಟೇ ಅಟಾನಮಸ್ ಸಿಕ್ಕಿದೆ, ಅಂದರೆ ಸಿಲಬಸ್, ಪರೀಕ್ಷೆ ಇನ್ನು ನಿಮ್ಮದೇ. ಕಂಪ್ಯೂಟರ್ ಸೈನ್ಸ್ ವಿಭಾಗದ ಸಿಲಬಸ್ ಬರೆಯುವ ಕೆಲಸ ನಿಮ್ಮ ತಲೆಗೆ ಬಿದ್ದಿದೆ. ಮೊದಲ ಪ್ರೋಗ್ರಾಮಿಂಗ್ ಭಾಷೆಯಾಗಿ ಸಿ ಇಡಬೇಕಾ, ಪೈಥಾನ್ ಇಡಬೇಕಾ ಅಂತ ಕೇಳಿದ್ದೀರಿ.

ನಾನು 19 ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಎರಡು ಸಲ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಕೂತು ಸಿಲಬಸ್ ಬರೆದಿದ್ದೇನೆ. ಮೊದಲ ಸಲ ಬರೆದದ್ದು ಚೆನ್ನಾಗಿರಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ. ಭಾಷೆಯ ವಿಷಯ ಸ್ವಲ್ಪ ಪಕ್ಕಕ್ಕಿಡಿ. ಮೊದಲು ಲ್ಯಾಬ್ ಪರೀಕ್ಷೆ ಹೇಗಿರುತ್ತೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಹುಡುಗರು ಸಿಲಬಸ್ ಓದುವುದಿಲ್ಲ, ಹಳೇ ಪ್ರಶ್ನೆಪತ್ರಿಕೆ ಓದುತ್ತಾರೆ.

ಇದು ನನಗೆ ಅರ್ಥವಾದದ್ದು ಬೇರೆ ಒಂದು ಕಾಲೇಜಿನ ಲ್ಯಾಬ್ ಪರೀಕ್ಷೆಗೆ ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕಿ) ಆಗಿ ಹೋದಾಗ. ಆಗ ಎಲ್ಲ ಕಡೆ ಟರ್ಬೊ ಸಿ, ಅಂದರೆ ಸಿ ಪ್ರೋಗ್ರಾಂ ಬರೆದು ರನ್ ಮಾಡುವ ಸಾಫ್ಟ್‌ವೇರ್. ನೀಲಿ ಸ್ಕ್ರೀನ್, ಹಳದಿ ಅಕ್ಷರ. ಒಬ್ಬ ಹುಡುಗ ಚೀಟಿ ಎತ್ತಿದ, ಫ್ಯಾಕ್ಟೋರಿಯಲ್ ಬಂತು, ಅಂದರೆ 1ರಿಂದ ಕೊಟ್ಟ ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸುವುದು. ಐದು ನಿಮಿಷದಲ್ಲಿ ಪ್ರೋಗ್ರಾಂ ಬರೆದು, ಟೈಪ್ ಮಾಡಿ, ರನ್ ಮಾಡಿದ. 5 ಕೊಡು ಅಂದೆ, 120 ಬಂತು. 8 ಕೊಡು ಅಂದೆ. ಸ್ಕ್ರೀನಿನ ಮೇಲೆ ಬಂದದ್ದು -25216. ಅವನು ಅದನ್ನೊಮ್ಮೆ ನೋಡಿದ. ಆಮೇಲೆ ಉತ್ತರಪತ್ರಿಕೆಯಲ್ಲಿ ಔಟ್‌ಪುಟ್ ಅಂತ ಬರೆದು, ಕೆಳಗೆ ಗೆರೆ ಎಳೆದು, ಮುದ್ದಾದ ಅಕ್ಷರದಲ್ಲಿ 40320 ಅಂತ ಬರೆದ.

"ಸ್ಕ್ರೀನಲ್ಲಿ ಬೇರೆ ಏನೋ ಇದೆಯಲ್ಲಪ್ಪ?" ಅಂದೆ.

"ರೆಕಾರ್ಡಲ್ಲಿ 40320 ಅಂತಾನೇ ಇದೆ ಮ್ಯಾಮ್."

"ಹಾಗಾದ್ರೆ ಇದೇನು?"

"ಈ ಸಿಸ್ಟಮ್ ಸರಿ ಇಲ್ಲ ಮ್ಯಾಮ್. ಆ ಕಡೆದಕ್ಕೆ ಹೋಗ್ಲಾ?"

ಸಿಸ್ಟಮ್ ಸರಿಯಾಗೇ ಇತ್ತು. ಟರ್ಬೊ ಸಿಯಲ್ಲಿ ಇಂಟ್, ಅಂದರೆ ಪೂರ್ಣಾಂಕ ಇಡುವ ಜಾಗ, 16 ಬಿಟ್. ಅದರಲ್ಲಿ ಹಿಡಿಸುವುದು -32768ರಿಂದ 32767ರವರೆಗೆ ಮಾತ್ರ. 40320 ಅದರೊಳಗೆ ಕೂರುವುದಿಲ್ಲ, ಒಂದು ಸುತ್ತು ಹೊಡೆದು ಆ ಕಡೆಯಿಂದ ಬರುತ್ತದೆ. 40320ರಲ್ಲಿ 65536 ಕಳೆದು ನೋಡಿ, -25216 ಸಿಗುತ್ತದೆ. ಇಡೀ ಸೆಮಿಸ್ಟರಿನಲ್ಲಿ ಕಲಿಯಬಹುದಾಗಿದ್ದ ಒಳ್ಳೆಯ ಪಾಠ ಅವನ ಕಣ್ಣೆದುರೇ ಇತ್ತು. ಅವನು ಅದನ್ನು ಮಶೀನಿನ ರೋಗ ಅಂದುಕೊಂಡ. ಬರೆದದ್ದಕ್ಕೆ ಇಷ್ಟು, ರನ್ ಮಾಡಿದ್ದಕ್ಕೆ ಇಷ್ಟು, ವೈವಾಗೆ ಇಷ್ಟು ಅಂತ ಮಾರ್ಕ್ಸ್ ಹಂಚಿದರೆ ಅವನಿಗೆ ಒಳ್ಳೆಯ ಮಾರ್ಕ್ಸೇ ಬಂತು. ಕೊಟ್ಟೆ.

ಹುಡುಗನನ್ನು ಬೈಯೋದು ಸುಲಭ. ಆದರೆ ಅವನ ಮುಂದಿದ್ದ ಪರೀಕ್ಷೆಗೆ ಅವನು ಸರಿಯಾಗೇ ತಯಾರಾಗಿದ್ದ. ಹತ್ತು ಹನ್ನೆರಡು ಪ್ರೋಗ್ರಾಂಗಳ ಪಟ್ಟಿ ಸೆಮಿಸ್ಟರ್ ಶುರುವಾಗುವ ಮೊದಲೇ ಅಚ್ಚಾಗಿ ಕೈಗೆ ಬಂದಿರುತ್ತದೆ. ಪರೀಕ್ಷೆಯಲ್ಲಿ ಅದರಲ್ಲೇ ಒಂದು. ಚೀಟಿ ಕೈಕೊಟ್ಟರೆ ಒಂದು ಸಲ ಪ್ರೋಗ್ರಾಂ ಚೇಂಜ್ ಮಾಡಿಕೊಳ್ಳಬಹುದು, ಒಂದಿಷ್ಟು ಮಾರ್ಕ್ಸ್ ಹೋಗುತ್ತದೆ ಅಷ್ಟೇ. ಇಂಥ ಪರೀಕ್ಷೆಗೆ ಬುದ್ಧಿ ಇರುವ ಯಾರೇ ಆಗಲಿ ಉರು ಹೊಡೆಯುತ್ತಾರೆ. ಸಿಲಬಸ್‌ನ ಮೊದಲ ಪುಟದಲ್ಲಿ ಪ್ರಾಬ್ಲಂ ಸಾಲ್ವಿಂಗ್ ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರೂ ಅಷ್ಟೇ. ಆ ಪಟ್ಟಿಯನ್ನು ಪೈಥಾನ್‌ನಲ್ಲಿ ಕೊಟ್ಟರೆ ಪೈಥಾನ್‌ನಲ್ಲಿ ಉರು ಹೊಡೆಯುತ್ತಾರೆ. ಸಾಲು ಕಡಿಮೆ, ಇನ್ನೂ ಸುಲಭ.

ಇದು ನಮ್ಮೂರ ಹುಡುಗರ ಕತೆ ಮಾತ್ರ ಅಂದುಕೊಳ್ಳಬೇಡಿ. 2001ರಲ್ಲಿ ಮೆಕ್ರಾಕನ್ ಅನ್ನುವ ಸಂಶೋಧಕರು ಮತ್ತು ಜೊತೆಯವರು ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಮೊದಲ ಪ್ರೋಗ್ರಾಮಿಂಗ್ ಕೋರ್ಸ್ ಮುಗಿಸಿದವರಿಗೆ ಒಂದು ಸಣ್ಣ ಕ್ಯಾಲ್ಕ್ಯುಲೇಟರ್ ಬರೆಯುವ ಕೆಲಸ. ಸರಾಸರಿ ಬಂದದ್ದು 110ಕ್ಕೆ 22.89. ಪ್ರಾಬ್ಲಂ ಬಿಡಿಸಲು ಬರುತ್ತಿಲ್ಲ ಅಂತ ಆಗ ಎಲ್ಲರೂ ಹೇಳಿದರು. 2004ರಲ್ಲಿ ಲಿಸ್ಟರ್ ಅವರ ತಂಡ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿತು. ತುಂಬಾ ಜನಕ್ಕೆ ಬೇರೆಯವರು ಬರೆದ ನಾಲ್ಕಾರು ಸಾಲಿನ ಕೋಡ್ ಓದಿ, ಕೊನೆಗೆ ಯಾವ ವೇರಿಯಬಲ್‌ನಲ್ಲಿ (ಬೆಲೆ ಇಡುವ, ಹೆಸರಿರುವ ಡಬ್ಬಿಯಲ್ಲಿ) ಏನಿರುತ್ತೆ ಅಂತ ಹೇಳಲೂ ಬರುತ್ತಿರಲಿಲ್ಲ. ನಾವು ಓದಲು ಕಲಿಸದೇ ಬರೆಯಲು ಕೂರಿಸುತ್ತಿದ್ದೇವೆ.

ಎರಡನೇ ಸಲ ಸಿಲಬಸ್ ಬರೆಯುವಾಗ ನಾನು ಮಾಡಿದ್ದು ಇಷ್ಟು. ಲ್ಯಾಬ್ ಪ್ರೋಗ್ರಾಂಗಳ ಪಟ್ಟಿ ಅಭ್ಯಾಸಕ್ಕೆ ಮಾತ್ರ, ಪರೀಕ್ಷೆಯಲ್ಲಿ ಅದರಿಂದ ಒಂದೂ ಬರುವುದಿಲ್ಲ. ಪರೀಕ್ಷೆಯ ಅರ್ಧ ಮಾರ್ಕ್ಸ್ ಓದುವುದಕ್ಕೆ. ಹತ್ತು ಸಾಲಿನ ಕೋಡ್ ಕೊಟ್ಟು, ಪ್ರತಿ ಸಾಲಿಗೂ ವೇರಿಯಬಲ್‌ಗಳ ಬೆಲೆ ಬರೆ ಅನ್ನುವುದು. ತಪ್ಪಿರುವ ಪ್ರೋಗ್ರಾಂ ಕೊಟ್ಟು, ಯಾವ ಇನ್‌ಪುಟ್‌ಗೆ ಕೈಕೊಡುತ್ತೆ ಹುಡುಕು ಅನ್ನುವುದು. ಉಳಿದ ಅರ್ಧ ನೋಡಿರದ ಒಂದು ಸಣ್ಣ ಲೆಕ್ಕಕ್ಕೆ. ದಿನವೂ ಡೈರಿಗೆ ಹಾಕಿದ ಹಾಲಿನ ಲೀಟರ್ ಓದುತ್ತಾ ಹೋಗು, -1 ಬಂದಾಗ ನಿಲ್ಲಿಸು, ಸರಾಸರಿ ಹೇಳು. ನೋಡಲು ಏನೂ ಇಲ್ಲ ಅನಿಸುತ್ತೆ ಅಲ್ವಾ? ಮೊದಲೇ -1 ಬಂದರೆ ಏನಾಗುತ್ತೆ ಅಂತ ಅರ್ಧ ಕ್ಲಾಸು ಯೋಚಿಸಿರಲಿಲ್ಲ. ಇನ್ನು ಕೆಲವರು ಆ -1ನ್ನೂ ಹಾಲು ಅಂತ ಕೂಡಿಸಿದ್ದರು.

ಮೊದಲ ವರ್ಷ ರಿಸಲ್ಟ್ ಬಿತ್ತು, ಮುಚ್ಚಿಡುವುದಿಲ್ಲ. ಪ್ರಿನ್ಸಿಪಾಲರು ಕರೆಸಿದರು. ಇಬ್ಬರು ಅಪ್ಪಂದಿರು ಬಂದು ಸ್ಟಾಫ್ ರೂಮಿನ ಮುಂದೆ ನಿಂತರು. ಪರೀಕ್ಷೆ ಮಾತ್ರ ಬದಲಾಯಿಸಿ, ವಾರವಾರದ ಅಭ್ಯಾಸ ಬದಲಾಯಿಸದೇ ಇದ್ದದ್ದು ನನ್ನ ತಪ್ಪು. ಮರುವರ್ಷ ರೆಕಾರ್ಡ್ ಬರೆಸುವುದನ್ನೇ ಬಿಟ್ಟೆವು. ಆ ಹೊತ್ತಿನಲ್ಲಿ ಪ್ರತಿ ಲ್ಯಾಬಿನ ಮೊದಲ 20 ನಿಮಿಷ ಬರೀ ಕಾಗದ, ಪೆನ್ನು. ಕಂಪ್ಯೂಟರ್ ಆಫ್. ಕೋಡ್ ಓದು, ಉತ್ತರ ಬರೆ, ಪಕ್ಕದವನಿಗೆ ವಿವರಿಸು. ನಿಧಾನಕ್ಕೆ ಸರಿಹೋಯಿತು.

ಒಂದು ದಿನ ಫ್ಯಾಕ್ಟೋರಿಯಲ್ಲೇ ಕೊಟ್ಟಿದ್ದೆ. ಈಗ ಟರ್ಬೊ ಸಿ ಬದಲು ಜಿಸಿಸಿ, ಅದರಲ್ಲಿ ಇಂಟ್ 32 ಬಿಟ್. 12ರವರೆಗೆ ಉತ್ತರ ಸರಿ ಬರುತ್ತದೆ. 13 ಕೊಟ್ಟರೆ ನಮ್ಮ ಮಶೀನುಗಳಲ್ಲಿ 1932053504 ಬರುತ್ತದೆ. ಇದು -25216ಕ್ಕಿಂತ ಅಪಾಯದ್ದು. ಮೈನಸ್ ಕಂಡರೆ ಯಾರಿಗಾದರೂ ಅನುಮಾನ ಬರುತ್ತೆ, ಇದು ಸಭ್ಯಸ್ಥನ ಹಾಗೆ ಕೂತಿರುತ್ತೆ. "ಇದು ಸರಿ ಇದೆಯಾ?" ಅಂದೆ. ಎಲ್ಲರೂ "ಸರಿ ಇದೆ ಮ್ಯಾಮ್". ಹಿಂದಿನ ಬೆಂಚಿನಿಂದ ಒಬ್ಬಳು, ಪಿಯುಸಿವರೆಗೂ ಹಳ್ಳಿಯಲ್ಲೇ ಓದಿದ ಹುಡುಗಿ, ಮೆಲ್ಲಗೆ ಅಂದಳು: "ಮ್ಯಾಮ್, ನಡುವೆ 10ರಿಂದ ಗುಣಿಸಿದೀವಿ. ಕೊನೆಗೆ ಸೊನ್ನೆ ಇರಬೇಕಿತ್ತಲ್ವಾ?"

ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು. ನಾನು ಬೇರೇನೂ ಹೇಳಲಿಲ್ಲ.

ಅದೇ ಹುಡುಗಿ ಮೊದಲ ವಾರ ನನ್ನ ಹತ್ತಿರ ಬಂದು, "ಎಕ್ಸ್ = ಎಕ್ಸ್ + 1 ಹೇಗೆ ಆಗುತ್ತೆ ಮ್ಯಾಮ್, ಎರಡೂ ಕಡೆ ಎಕ್ಸ್ ಹೊಡೆದರೆ 0 = 1 ಆಗುತ್ತೆ" ಅಂದಿದ್ದಳು. ಒಳ್ಳೆಯ ಪ್ರಶ್ನೆ. ಗಣಿತದಲ್ಲಿ ಆ ಚಿಹ್ನೆಯನ್ನು 'ಸಮ' ಅಂತ ಓದಿಸಿ, ಇಲ್ಲಿ ಬೇರೆ ಅರ್ಥ ಅಂತ ಹೇಳದೇ ಬಿಡುವವರು ನಾವೇ. "ಬಲಗಡೆ ಇರೋದನ್ನ ಲೆಕ್ಕ ಮಾಡಿ ಎಡಗಡೆ ಡಬ್ಬಿಗೆ ಹಾಕು" ಅಂತ ಕನ್ನಡದಲ್ಲೇ ಹೇಳಿ, ಬೋರ್ಡ್ ಮೇಲೆ ಡಬ್ಬಿ ಬರೆದು, ಹಳೇ ಬೆಲೆ ಅಳಿಸಿ ಹೊಸದು ಬರೆದರೆ ಒಂದು ನಿಮಿಷದ ಕೆಲಸ. ವೈವಾದಲ್ಲೂ ನಾನು ಕನ್ನಡದಲ್ಲಿ ಕೇಳುತ್ತೇನೆ. ಪ್ರೋಗ್ರಾಮಿಂಗ್ ಬರದವರು ಯಾರು, ಇಂಗ್ಲಿಷ್ ಬರದವರು ಯಾರು ಅನ್ನೋದು ಆಗ ಬೇರೆಬೇರೆಯಾಗಿ ಕಾಣುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಎಷ್ಟು ಜನಕ್ಕೆ ಕಡಿಮೆ ಮಾರ್ಕ್ಸ್ ಕೊಟ್ಟಿದ್ದೇನೋ.

ಈಗ ನಿಮ್ಮ ಪ್ರಶ್ನೆ. ಎರಡು ಸೆಮಿಸ್ಟರ್ ಜಾಗ ಸಿಕ್ಕರೆ ಮೊದಲು ಪೈಥಾನ್, ಆಮೇಲೆ ಸಿ. ಒಂದೇ ಸಿಕ್ಕರೆ ಸಿ. ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಕಾದಿರುತ್ತದೆ, ಅದರ ಬೆನ್ನಿಗೇ ಆಪರೇಟಿಂಗ್ ಸಿಸ್ಟಮ್. ಮೆಮೊರಿ ಅಂದರೆ ಸಾಲಾಗಿಟ್ಟ ಡಬ್ಬಿ, ಅದಕ್ಕೊಂದು ವಿಳಾಸ ಅನ್ನುವ ಚಿತ್ರ ತಲೆಯಲ್ಲಿ ಇಲ್ಲದವರಿಗೆ, ಒಂದು ಡಬ್ಬಿಯಲ್ಲಿ ಮುಂದಿನ ಡಬ್ಬಿಯ ವಿಳಾಸ ಇಡುವ ಲಿಂಕ್ಡ್ ಲಿಸ್ಟ್ ಮಂತ್ರದ ಹಾಗೆ ಕಾಣುತ್ತದೆ. ಪೈಥಾನ್ 13ರ ಫ್ಯಾಕ್ಟೋರಿಯಲನ್ನೂ 100ರದ್ದನ್ನೂ ಸರಿಯಾಗೇ ಹೇಳಿಬಿಡುತ್ತದೆ. ಕೆಲಸಕ್ಕೆ ಅದು ಅನುಕೂಲ, ಆದರೆ ಒಳಗಿನದ್ದು ಕಾಣಿಸುವುದಿಲ್ಲ. ಮೆಕ್ಯಾನಿಕಲ್, ಸಿವಿಲ್ ಮಕ್ಕಳಿಗಾದರೆ ನಾನು ಪೈಥಾನ್ ಮಾತ್ರ ಇಡುತ್ತೇನೆ.

ಸಭೆಯಲ್ಲಿ ಯಾರಾದರೂ "ಎಂಐಟಿನೇ ಪೈಥಾನ್‌ಗೆ ಹೋಯ್ತಲ್ಲ" ಅಂದೇ ಅನ್ನುತ್ತಾರೆ. ಅಮೆರಿಕದ ಎಂಐಟಿ ಹೋದದ್ದು ನಿಜ. ಆದರೆ ಅವರ ಆ ಹೆಸರಾಂತ ಮೊದಲ ಕೋರ್ಸಿನಲ್ಲಿ ಇದ್ದದ್ದು ಸಿ ಅಲ್ಲ, ಸ್ಕೀಮ್. (ನಮ್ಮ ಸಿಲಬಸ್‌ಗೆ 2018 ಸ್ಕೀಮ್, 2022 ಸ್ಕೀಮ್ ಅನ್ನುತ್ತೇವಲ್ಲ, ಅದಲ್ಲ. ಇದು ಒಂದು ಭಾಷೆಯ ಹೆಸರು.) ಎಸಿಎಂ ಮತ್ತು ಐಇಇಇ ಅನ್ನುವ ವೃತ್ತಿಪರ ಸಂಘಗಳು ಸೇರಿ ಮಾಡಿದ 2013ರ ಸಿಲಬಸ್ ಮಾರ್ಗಸೂಚಿ ಕೂಡ ಮೊದಲ ಭಾಷೆ ಇದೇ ಇರಲಿ ಅಂತ ಹೇಳುವುದಿಲ್ಲ.

ಆ ಮಾರ್ಗಸೂಚಿಯನ್ನು ಸಭೆಗೆ ಮೊದಲು ತಿರುವಿ ಹಾಕಿ, ಇನ್ನೊಂದು ಕಾರಣಕ್ಕೆ. ಅದರಲ್ಲಿ ಜ್ಞಾನಕ್ಷೇತ್ರಗಳು 18. ಎಲ್ಲರೂ ಕಲಿಯಲೇಬೇಕಾದ ತಿರುಳಿಗೆ ಇಟ್ಟಿರುವುದು ಒಂದನೇ ಹಂತದಲ್ಲಿ 165 ಗಂಟೆ, ಎರಡನೇ ಹಂತದಲ್ಲಿ 143. ಕೂಡಿದರೆ 308 ಗಂಟೆ, ನಾಲ್ಕು ವರ್ಷಕ್ಕೆ! ಉಳಿದದ್ದು ಆಯಾ ಕಾಲೇಜಿಗೆ ಬಿಟ್ಟದ್ದು. ನಮ್ಮಲ್ಲಿ ಎಲ್ಲವೂ ತಿರುಳೇ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಐಸಿಟಿಇ 2018ರ ಮಾದರಿ ಸಿಲಬಸ್‌ನಲ್ಲಿ ಇಡೀ ಪದವಿಗೆ 160 ಕ್ರೆಡಿಟ್ ಇಟ್ಟಿತು. ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಲ್ಯಾಬಾದರೆ ಎರಡು ಗಂಟೆಗೆ ಒಂದು. ಆ ಪೆಟ್ಟಿಗೆಯೊಳಗೆ ಕಂಪನಿಯಿಂದ ಬಂದವರು ಕ್ಲೌಡ್ ಹಾಕಿ ಅನ್ನುತ್ತಾರೆ, ಹಳೇ ವಿದ್ಯಾರ್ಥಿ ಡೆವ್‌ಆಪ್ಸ್ ಹಾಕಿ ಅನ್ನುತ್ತಾನೆ, ಮ್ಯಾನೇಜ್‌ಮೆಂಟಿಗೆ ಎಐ ಬೇಕು. ಸೇರಿಸುವವರೇ ಎಲ್ಲ, ತೆಗೆಯುವವರು ಯಾರೂ ಇಲ್ಲ. ತೆಗೆಯುವುದು ಯಾಕೆ ಕಷ್ಟ ಅಂದರೆ, ಪ್ರತಿ ವಿಷಯದ ಹಿಂದೆ ಒಬ್ಬ ಮೇಷ್ಟ್ರ ವರ್ಕ್‌ಲೋಡ್ ಇರುತ್ತದೆ. ಇದನ್ನು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಹಳೇ ಮೈಕ್ರೋಪ್ರೊಸೆಸರ್ ವಿಷಯವೊಂದನ್ನು ತೆಗೆಸಲು ಹೋಗಿ ಸೋತು ಬಂದೆ. ಆಮೇಲೆ ಒಂದು ನಿಯಮ ಮಾತ್ರ ಒಪ್ಪಿಸಿಕೊಂಡೆ: ಹೊಸದು ಸೇರಿಸಬೇಕು ಅನ್ನುವವರು ಅದೇ ಹಾಳೆಯಲ್ಲಿ ಯಾವುದನ್ನು ತೆಗೆಯಬೇಕು ಅಂತಲೂ ಬರೆಯಬೇಕು. ಸಲಹೆಗಳು ತಾವಾಗೇ ಕಡಿಮೆಯಾದವು.

ನನ್ನ ಮೊದಲ ಸಿಲಬಸ್ ಚೆನ್ನಾಗಿರಲಿಲ್ಲ ಅಂದೆನಲ್ಲ. ಅದರಲ್ಲಿ ಮಷೀನ್ ಲರ್ನಿಂಗ್, ಪ್ರಾಬಬಿಲಿಟಿ ಎರಡೂ ಐದನೇ ಸೆಮಿಸ್ಟರಿನಲ್ಲೇ ಇದ್ದವು. ಪ್ರಾಬಬಿಲಿಟಿಯಲ್ಲಿ ಬೇಯ್ಸ್ ಸೂತ್ರ ಬರುವ ಹೊತ್ತಿಗೆ ಆ ಕಡೆ ಅದರ ಮೇಲೆ ನಿಂತ ಮಾಡ್ಯೂಲ್ ಮುಗಿದು ಇಂಟರ್ನಲ್ಸೂ ಆಗಿತ್ತು. ಸೆಮಿಸ್ಟರ್ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೆ ಇದು ಕಾಣುವುದಿಲ್ಲ. ಒಂದು ಚಾರ್ಟ್ ಹಾಳೆ ತನ್ನಿ, ವಿಷಯಗಳನ್ನಲ್ಲ, ಒಳಗಿನ ಸಂಗತಿಗಳನ್ನು ಬರೆಯಿರಿ. ಪಾಯಿಂಟರ್, ರಿಕರ್ಷನ್, ಸ್ಟ್ಯಾಕ್, ಟ್ರೀ. ಯಾವುದಕ್ಕೆ ಯಾವುದು ಮೊದಲು ಬೇಕೋ ಬಾಣ ಹಾಕಿ. ಹಿಂದಕ್ಕೆ ಹೋಗುವ ಬಾಣ ಕಂಡರೆ ಅಲ್ಲಿ ತಪ್ಪಿದೆ.

ಸಿಒ-ಪಿಒ ಮ್ಯಾಪಿಂಗ್ (ಪ್ರತಿ ವಿಷಯದ ಗುರಿಯನ್ನು ಪದವಿಯ ಗುರಿಗೆ ಹೊಂದಿಸುವ ಪಟ್ಟಿ) ಬಗ್ಗೆ ನೀವು ಕೇಳಿಲ್ಲ, ಒಳ್ಳೆಯದು. ಕೋರ್ಸಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬರುವ ಹಿಂದಿನ ರಾತ್ರಿ ಎಕ್ಸೆಲ್‌ನಲ್ಲಿ 3, 2, 1 ತುಂಬಿಸುವುದು ಹೇಗೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಚಾಟ್‌ಜಿಪಿಟಿ ಬಂದ ಮೇಲೆ ಮನೆಗೆ ಕೊಡುವ ಅಸೈನ್‌ಮೆಂಟಿಗೆ ನಾನು ಮಾರ್ಕ್ಸ್ ಇಡುತ್ತಿಲ್ಲ. ಅದು ಬರೆದ ಪ್ರೋಗ್ರಾಂ ಕೊಟ್ಟು, ಇದರಲ್ಲಿ ಏನು ತಪ್ಪಿರಬಹುದು ಅಂತ ವೈವಾದಲ್ಲಿ ಕೇಳುತ್ತೇನೆ. ಓದುವುದು ಕಲಿತವರಿಗೆ ಇದು ಕಷ್ಟವಾಗಲಿಲ್ಲ.

ಇನ್ನೊಂದು. ನಿಮ್ಮ ಲ್ಯಾಬಿನಲ್ಲಿ ಇನ್ನೂ ಟರ್ಬೊ ಸಿ ಇದ್ದರೆ ತೆಗೆಸಿ ಲಿನಕ್ಸ್, ಜಿಸಿಸಿ ಹಾಕಿಸಿ. ಅದು 1990ರ ದಶಕದ ಆರಂಭದ ಸಾಫ್ಟ್‌ವೇರ್, ಹುಡುಗರಿಗೆ ಅದರಲ್ಲಿ ಕಲಿತ ಅಭ್ಯಾಸ ಬಿಡಿಸುವುದೇ ಒಂದು ಕೆಲಸ. ನಮ್ಮಲ್ಲಿ ಮೂಲೆಯ ಒಂದು ಸಿಸ್ಟಮ್‌ನಲ್ಲಿ ಮಾತ್ರ ಹಳೇ ಸಾಫ್ಟ್‌ವೇರ್ ಓಡಿಸುವ ಡಾಸ್‌ಬಾಕ್ಸ್ ಹಾಕಿ ಟರ್ಬೊ ಸಿ ಉಳಿಸಿಕೊಂಡಿದ್ದೇನೆ. ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಅದರ ಸುತ್ತ ನಿಲ್ಲಿಸಿ, 8 ಕೊಡಿ ಅನ್ನುತ್ತೇನೆ.