ಒಳಮೂಲೆಯ ಸ್ಟ್ರೆಸ್ ಏರುತ್ತಲೇ ಇದೆ, ಏನು ಮಾಡಲಿ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಈ ಬೇಸಿಗೆ ರಜೆಯಲ್ಲಿ ಸಿಮ್ಯುಲೇಷನ್ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ರಿಸರ್ಚ್ ಇಂಟರ್ನ್ ಆಗಿದ್ದೇನೆ. ಹೊಸ ಅಲ್ಗಾರಿದಮ್ ಬರೆಯಲು ಸಿಗುತ್ತದೆ ಅಂದುಕೊಂಡಿದ್ದೆ; ಕೈಗೆ ಬಂದದ್ದು 'ಎಲ್' ಆಕಾರದ ಒಂದು ಬ್ರಾಕೆಟ್. ಲೆಕ್ಕಕ್ಕಾಗಿ ಅದನ್ನು ಎಲಿಮೆಂಟ್ ಎಂಬ ಚಿಕ್ಕ ತುಂಡುಗಳಾಗಿ ಒಡೆಯುವ ಬಲೆಯನ್ನು, ಅಂದರೆ ಮೆಶ್ ಅನ್ನು, ಸಣ್ಣದು ಮಾಡುತ್ತ ಹೋಗಿ ಉತ್ತರ ಬರೆದಿಡಬೇಕಂತೆ. ತುದಿ ಬಾಗುವ ಅಳತೆ ಒಂದು ಅಂಕಿಗೆ ಬಂದು ನಿಂತಿದೆ. ಒಳಮೂಲೆಯ ಸ್ಟ್ರೆಸ್ (ವಸ್ತುವಿನೊಳಗಿನ ಒತ್ತಡ) ಮಾತ್ರ ಏರುತ್ತಲೇ ಇದೆ. ಕೇಳಿದರೆ ಮೆಂಟರ್ ನಗುತ್ತಾರೆ. ತಪ್ಪು ನನ್ನದೋ ಸಾಫ್ಟ್‌ವೇರಿನದೋ? ಇದನ್ನು ಸಂಶೋಧನೆ ಎಂದು ಕಾಲೇಜಿನ ವರದಿಯಲ್ಲಿ ಬರೆಯಬಹುದೇ?

ಉತ್ತರ: ತಪ್ಪು ನಿಮ್ಮದೂ ಅಲ್ಲ, ಸಾಫ್ಟ್‌ವೇರಿನದೂ ಅಲ್ಲ. ಮೆಂಟರ್ ನಕ್ಕಿದ್ದು ಯಾಕೆಂದು ಬಲ್ಲೆ. ಸಾಲ್ವರ್ (ಈ ಲೆಕ್ಕ ಬಿಡಿಸುವ ಪ್ರೋಗ್ರಾಂ) ಟೆಸ್ಟಿಂಗ್‌ನಲ್ಲೇ ನೌಕರಿ ಸವೆಸಿದ ನಾನೂ ಹೊಸಬರಿಗೆ ಇದೇ ಬ್ರಾಕೆಟ್ ಕೊಡುತ್ತಿದ್ದೆ.

ನಿಮ್ಮ ಡ್ರಾಯಿಂಗಿನಲ್ಲಿ ಒಳಮೂಲೆ ಪೂರ್ತಿ ಚೂಪಾಗಿದೆ, ರೇಡಿಯಸ್ ಸೊನ್ನೆ. ಬಲಕ್ಕೆ ತಕ್ಕಷ್ಟೇ ವಸ್ತು ಹಿಗ್ಗುತ್ತದೆ ಎನ್ನುವ ಲೀನಿಯರ್ ಎಲಾಸ್ಟಿಸಿಟಿಯ ಪ್ರಕಾರ ಅಂಥ ಬಿಂದುವಿನಲ್ಲಿ ಸ್ಟ್ರೆಸ್ ಅನಂತ. ಎಲಿಮೆಂಟ್ ಚಿಕ್ಕದಾದಷ್ಟೂ ಆ ಬಿಂದುವಿಗೆ ಹತ್ತಿರ ಹೋಗುತ್ತೀರಿ, ಅಂಕಿ ಏರುತ್ತದೆ. ಅಲ್ಲೊಂದು ಸಣ್ಣ ಫಿಲೆಟ್ (ಮೂಲೆಯನ್ನು ದುಂಡಗೆ ಮಾಡುವ ತಿರುವು) ಕೊಟ್ಟು, ಆ ಕಮಾನಿನುದ್ದಕ್ಕೂ ಸಾಕಷ್ಟು ಎಲಿಮೆಂಟ್ ಬರುವಂತೆ ಮೆಶ್ ಮಾಡಿ ನೋಡಿ: ಸ್ಟ್ರೆಸ್ ಬಂದು ನಿಲ್ಲುತ್ತದೆ. ಆಮೇಲೆ ಮೂಲೆಯೇ ಇಲ್ಲದ ಸಾದಾ ಪ್ರಶ್ನೆಯೊಂದಕ್ಕೆ, ಕೈಲೆಕ್ಕದ ಉತ್ತರ ಗೊತ್ತಿರುವಂಥದ್ದಕ್ಕೆ, ಎಲಿಮೆಂಟ್ ಅಳತೆ ಮತ್ತು ತಪ್ಪು ಎರಡನ್ನೂ ಲಾಗ್-ಲಾಗ್ ಗ್ರಾಫಿನಲ್ಲಿ (ಎರಡೂ ಅಕ್ಷ ಲಾಗರಿದಮ್ ಅಳತೆಯಲ್ಲಿರುವುದು) ಹಾಕಿ. ಲೀನಿಯರ್ ಎಲಿಮೆಂಟ್ (ತುಂಡಿನೊಳಗೆ ಬಾಗುವಿಕೆ ನೇರಗೆರೆಯಂತೆ ಬದಲಾಗುತ್ತದೆಂದು ಹಿಡಿಯುವ ಸರಳ ಬಗೆ) ಆದರೆ, ಅಳತೆ ಅರ್ಧಕ್ಕಿಳಿದಾಗ ಬಾಗುವಿಕೆಯ ತಪ್ಪು ಸುಮಾರು ಕಾಲುಭಾಗಕ್ಕಿಳಿಯಬೇಕು. ಇಳಿಯದಿದ್ದರೆ ಆಗ ಓಡಿಹೋಗಿ ಮೆಂಟರ್‌ಗೆ ಹೇಳಿ. ಆಗ ಅವರು ನಗುವುದಿಲ್ಲ.

ಇದು ಸಂಶೋಧನೆಯೇ ಎಂದಿರಲ್ಲ. 1991ರ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ಎ ಎಂಬ ತೈಲ ವೇದಿಕೆಯ ಕಾಂಕ್ರೀಟ್ ಬುಡ, ನೀರಿನಲ್ಲಿ ಇಳಿಸಿ ಪರೀಕ್ಷಿಸುವಾಗಲೇ ಒಡೆದು ಮುಳುಗಿತು. ಒಳಗೋಡೆಗಳು ಕೂಡುವ ಜಾಗದ ಮೆಶ್ ಸರಿಯಿರಲಿಲ್ಲ; ಶಿಯರ್ ಸ್ಟ್ರೆಸ್ (ಒಂದು ಪದರವನ್ನು ಇನ್ನೊಂದರ ಮೇಲೆ ಜಾರಿಸುವ ಒತ್ತಡ) ಸುಮಾರು 47 ಶೇಕಡ ಕಡಿಮೆ ಲೆಕ್ಕಕ್ಕೆ ಬಂದಿತ್ತು. ಅದನ್ನೇ ನಂಬಿ ಗೋಡೆ, ಕಂಬಿ ಎಲ್ಲ ನಿರ್ಧಾರವಾಗಿತ್ತು. ಬಳಿಕ ಜಾಗ್ರತೆಯಿಂದ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕೆಂದು ಬಂತು. ನಿಜಕ್ಕೂ ಒಡೆದದ್ದು 65 ಮೀಟರಿನಲ್ಲಿ. ಅದೇ ಬಗೆಯ ಲೆಕ್ಕ, ಮೆಶ್ ಮಾತ್ರ ಬೇರೆ. ಹಾಗಾಗಿ ಹೊಸ ಅಲ್ಗಾರಿದಮ್ ಸಿಗಲಿಲ್ಲ ಎಂಬ ಕೊರಗಿಗೆ ನನ್ನಿಂದ ಹೆಚ್ಚು ಸಮಾಧಾನ ನಿರೀಕ್ಷಿಸಬೇಡಿ.

ವರದಿಯ ವಿಷಯಕ್ಕೆ ಬಂದರೆ, ಧಾರಾಳವಾಗಿ ಬರೆಯಿರಿ. ಆದರೆ ಸೇರುವಾಗ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿರುತ್ತೀರಿ, ಅದನ್ನೊಮ್ಮೆ ತೆಗೆದು ಓದಿ. ಯಾವ ಚಿತ್ರ, ಯಾವ ಅಂಕಿ ಹೊರಗೆ ಹೋಗಬಹುದೆಂದು ಮೆಂಟರ್‌ಗೆ ಈಗಲೇ ಇಮೇಲ್ ಹಾಕಿ ಕೇಳಿ. ಕೊನೆಯ ವಾರ ಕೇಳಿದರೆ ಅನುಮತಿ ಬರುವಷ್ಟರಲ್ಲಿ ಕಾಲೇಜು ಶುರುವಾಗಿರುತ್ತದೆ. ಕಂಪನಿಯ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮಾತ್ರ ಬರಬೇಡಿ. ಬ್ರಾಕೆಟ್ ತಾನೇ, ಮನೆಯಲ್ಲಿ ಅರ್ಧ ಗಂಟೆಯಲ್ಲಿ ಹೊಸದಾಗಿ ಬಿಡಿಸಿಕೊಳ್ಳಬಹುದು.