ವಿಲೀನದ ಸುದ್ದಿ ನಂಬಿ ಪೈಲಟ್ ತಮ್ಮ ಕಾಯಬೇಕೇ, ಕೆಲಸ ಬದಲಿಸಬೇಕೇ?

ನಿಮ್ಮ ತಮ್ಮ ಒಂದು ವಿಮಾನಯಾನ ಕಂಪನಿಯಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಸೇರಿ ಇನ್ನೂ ಎರಡು ವರ್ಷ ತುಂಬಿಲ್ಲ. ಅವನ ತರಬೇತಿಗೆಂದು ಮದ್ದೂರಿನ ಹತ್ತಿರದ ಗದ್ದೆಯನ್ನು ಬ್ಯಾಂಕಿಗೆ ಆಧಾರ ಕೊಟ್ಟು ಸಾಲ ತೆಗೆದಿದ್ದೀರಿ. ಈಗ ಆ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಳ್ಳಲಿದೆ ಎಂದು ಪೈಲಟ್‌ಗಳೆಲ್ಲ ಮಾತನಾಡಿಕೊಳ್ಳುತ್ತಿದ್ದಾರೆ, ಸಂಬಳ ಮಾತ್ರ ಎರಡು ತಿಂಗಳಿಂದ ತಡವಾಗಿ ಬರುತ್ತಿದೆ. ವಿಲೀನದವರೆಗೆ ಕಾಯುತ್ತೇನೆ ಎಂದು ಅವನು, ಈಗಲೇ ಬೇರೆ ಕಡೆ ನೋಡು ಎಂದು ನೀವು. ಯಾರ ಮಾತು ಸರಿ ಎಂದು ಕೇಳಿದ್ದೀರಿ.

ನಿಮ್ಮ ಮಾತೇ ಸರಿ. ಆದರೆ ನೀವು ಹೆದರಿರುವುದು ವಿಲೀನಕ್ಕೆ. ಹೆದರಬೇಕಾದದ್ದು ಆ ತಡವಾದ ಸಂಬಳಕ್ಕೆ.

ನಾನು ಎಟಿಆರ್ ಎಂಬ ಸಣ್ಣ ವಿಮಾನದಿಂದ ಆರಂಭಿಸಿ ಏರ್‌ಬಸ್ 320ರಲ್ಲಿ ಕ್ಯಾಪ್ಟನ್ ಆಗಿ ನಿವೃತ್ತನಾದವನು, ಈಗ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ನಾನಿದ್ದ ಒಂದು ಕಂಪನಿ ಇನ್ನೊಂದರಲ್ಲಿ ಸೇರಿಹೋಯಿತು, ಮತ್ತೊಂದು ಬಾಗಿಲು ಹಾಕಿತು. ಹೆಸರುಗಳು ಇಲ್ಲಿ ಬೇಡ. ನಿಮ್ಮ ತಮ್ಮ ನನ್ನ ಮಗನ ವಯಸ್ಸಿನವನಿರಬೇಕು, ಹಾಗಾಗಿ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಪೈಲಟ್‌ಗಳ ಊಹಾಪೋಹವನ್ನು ಬರೀ ಹರಟೆ ಎಂದು ತಳ್ಳಿಹಾಕಲಾಗದು. ನಮ್ಮ ವೃತ್ತಿಯ ಕಟ್ಟೇ ಹಾಗಿದೆ. ಕಂಪನಿ ಬದಲಿಸಿದರೆ ಹಾರಾಟದ ಗಂಟೆಗಳು ಜೊತೆಗೆ ಬರುತ್ತವೆ, ಹಿರಿತನ ಬರುವುದಿಲ್ಲ. ಸೀನಿಯಾರಿಟಿ ಪಟ್ಟಿ ಕಂಪನಿಯ ಸೊತ್ತು. ಕ್ಯಾಪ್ಟನ್ ಆಗಿ ಎಡಗಡೆಯ ಆಸನಕ್ಕೆ ಹೋಗುವುದು ಯಾವಾಗ, ಯಾವ ಊರಿನಲ್ಲಿ ನೆಲೆ, ಯಾವ ವಿಮಾನ, ದೀಪಾವಳಿಗೆ ರಜೆ ಸಿಗುತ್ತದೆಯೇ ಇಲ್ಲವೇ, ಎಲ್ಲಕ್ಕೂ ಆ ಪಟ್ಟಿಯಲ್ಲಿರುವ ಸಂಖ್ಯೆಯೇ ಆಧಾರ. ಇಪ್ಪತ್ತು ವರ್ಷದ ಬದುಕು ಒಂದೇ ಕಂಪನಿಯ ಪಟ್ಟಿಗೆ ಅಂಟಿಕೊಂಡಿರುವಾಗ ಆ ಕಂಪನಿಯ ಭವಿಷ್ಯದ ಬಗ್ಗೆ ಹಗಲೂ ರಾತ್ರಿ ಮಾತನಾಡದೆ ಇರುವುದು ಹೇಗೆ? ತೊಂದರೆಯೆಂದರೆ, ಆ ಮಾತೆಲ್ಲ ‘ನಮ್ಮನ್ನು ಯಾರು ಕೊಳ್ಳುತ್ತಾರೆ’ ಎಂಬ ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಅದಕ್ಕೆ ಉತ್ತರ ಕಾಕ್‌ಪಿಟ್‌ನಲ್ಲಿ ಕುಳಿತವರಿಗೆ ಸಿಗುವಂಥದ್ದಲ್ಲ.

ಜೆಟ್ ಏರ್‌ವೇಸ್ ನೋಡಿ. 2018ರ ನವೆಂಬರ್‌ನಲ್ಲಿ ಟಾಟಾ ಸಂಸ್ಥೆಯೇ, ಜೆಟ್ ಜೊತೆ ಪ್ರಾಥಮಿಕ ಮಾತುಕತೆ ನಡೆದಿದೆ ಎಂದು ಹೇಳಿಕೆ ಕೊಟ್ಟಿತು. ಅದು ಗಾಳಿಸುದ್ದಿಯಾಗಿರಲಿಲ್ಲ. ಟಾಟಾ ಬರುತ್ತಾರೆ, ಎತಿಹಾದ್ ಇನ್ನಷ್ಟು ಹಣ ಹಾಕುತ್ತದೆ, ಬ್ಯಾಂಕುಗಳು ಕೈಬಿಡುವುದಿಲ್ಲ ಎಂದು ಎಷ್ಟೋ ಪೈಲಟ್‌ಗಳು ಸಂಬಳವಿಲ್ಲದೆಯೂ ಹಾರಿಸಿದರು. 2019ರ ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಬಂದ ವಿಮಾನವೇ ಕೊನೆಯದಾಯಿತು. ಆಮೇಲೂ ಆಸೆ ಸಾಯಲಿಲ್ಲ. 2021ರಲ್ಲಿ ಪುನಶ್ಚೇತನ ಯೋಜನೆಗೆ ಕಂಪನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆಯೂ ಸಿಕ್ಕಿತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಕಂಪನಿಯ ಆಸ್ತಿ ಮಾರಿ ಮುಚ್ಚಿಬಿಡಿ ಎಂದಿತು. ಐದೂವರೆ ವರ್ಷ! ಅಷ್ಟು ವರ್ಷ ನೆಲದಲ್ಲಿ ಕುಳಿತು ಕಾಯಲು ಯಾವ ಪೈಲಟ್‌ಗೂ ಸಾಧ್ಯವಿಲ್ಲ.

ಇನ್ನು ವಿಲೀನವಾಗಿಬಿಟ್ಟರೆ ಗೆದ್ದಂತೆ ಎಂಬ ನಿಮ್ಮ ತಮ್ಮನ ಲೆಕ್ಕಕ್ಕೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. 2007ರಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್ ನಡೆಸುತ್ತಿದ್ದ ಯುಬಿ ಸಮೂಹ ಅದರಲ್ಲಿ ಪಾಲು ಕೊಂಡಿತು, 2008ರಲ್ಲಿ ಅದು ಕಿಂಗ್‌ಫಿಷರ್ ಜೊತೆ ಒಂದಾಯಿತು. ವಿದೇಶಕ್ಕೆ ಹಾರಬೇಕಾದರೆ ಕಂಪನಿಗೆ ಐದು ವರ್ಷ ತುಂಬಿರಬೇಕೆಂಬ ನಿಯಮ ಆಗ ಇತ್ತು, ಕಿಂಗ್‌ಫಿಷರ್‌ಗೆ ಇನ್ನೂ ಆಗಿರಲಿಲ್ಲ, ಡೆಕ್ಕನ್‌ಗೆ ಆ ವಯಸ್ಸಾಗುತ್ತಿತ್ತು. ಕೊಳ್ಳುವವರು ತಮಗೆ ಬೇಕಾದದ್ದಕ್ಕಾಗಿ ಕೊಳ್ಳುತ್ತಾರೆ, ಪರವಾನಗಿಗೆ, ವಿಮಾನಗಳಿಗೆ, ನಿಲ್ದಾಣಗಳಲ್ಲಿ ಇಳಿಯಲು, ಏರಲು ಸಿಕ್ಕಿರುವ ಸಮಯಕ್ಕೆ. ಪೈಲಟ್‌ಗಳು ಅದರ ಜೊತೆಗೆ ಬರುತ್ತಾರೆ, ಅಷ್ಟೇ. ಡೆಕ್ಕನ್‌ನ ಹುಡುಗರು ದೊಡ್ಡ ಕಂಪನಿ ಸೇರಿದ್ದು ನಿಜ. 2010ರಲ್ಲಿ ನಮ್ಮ ಮಂಡಕಳ್ಳಿ ನಿಲ್ದಾಣಕ್ಕೆ ಡೆಕ್ಕನ್‌ನ ಹೊಸ ಹೆಸರಾದ ಕಿಂಗ್‌ಫಿಷರ್ ರೆಡ್ ಬಂದಾಗ ಮೈಸೂರು ಸಂಭ್ರಮಿಸಿತ್ತು. 2012ರ ಅಕ್ಟೋಬರ್‌ನಲ್ಲಿ ಆ ದೊಡ್ಡ ಕಂಪನಿಯೇ ಹಾರಾಟ ನಿಲ್ಲಿಸಿತು.

ಮಂಡ್ಯದ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಯನ್ನು ಯಾರು ಗುತ್ತಿಗೆಗೆ ಹಿಡಿಯುತ್ತಾರೆ ಎಂಬ ಸುದ್ದಿಗಿಂತ, ಹೋದ ಹಂಗಾಮಿನ ಬಾಕಿ ಬಟವಾಡೆಯಾಯಿತೇ ಎಂಬುದನ್ನೇ ಅವರು ಮೊದಲು ನೋಡುತ್ತಾರೆ. ನಿಮ್ಮ ತಮ್ಮನೂ ಅದನ್ನೇ ನೋಡಬೇಕು, ಅವನಿಗೆ ಕಾಣುವ ಜಾಗದಲ್ಲೇ ಎಲ್ಲವೂ ಇದೆ.

ನಮ್ಮ ಕಂಪನಿ ನಿಲ್ಲುವುದಕ್ಕೆ ಕೆಲವು ತಿಂಗಳ ಮೊದಲಿನ ಒಂದು ಸಂಜೆ ಹೇಳುತ್ತೇನೆ. ಇಂಧನದ ಟ್ರಕ್ ರೆಕ್ಕೆಯ ಪಕ್ಕಕ್ಕೆ ಬಂದು ನಿಂತಿತ್ತು, ಆದರೆ ಕೊಳವೆ ಜೋಡಿಸಿರಲಿಲ್ಲ. ಪ್ರಯಾಣಿಕರನ್ನು ಕರೆತಂದ ಬಸ್ ಬಾಗಿಲು ತೆರೆಯದೆ ಸ್ವಲ್ಪ ದೂರದಲ್ಲಿ ಕಾಯುತ್ತಿತ್ತು. ನಾನು ಇಳಿದು ಹೋಗಿ ಕೇಳಿದೆ. ಟ್ರಕ್ಕಿನವನು ಮೊಬೈಲ್ ಹಿಡಿದು ನಿಂತಿದ್ದ, ಒಳ್ಳೆಯ ಹುಡುಗ, ಮುಖ ಎತ್ತಲಿಲ್ಲ. ‘ಸರ್, ಹಣ ಜಮೆಯಾಗಿದೆ ಎಂದು ಆಫೀಸಿನಿಂದ ಸಂದೇಶ ಬರಬೇಕು, ಬಂದ ತಕ್ಷಣ ಹಾಕುತ್ತೇನೆ’ ಎಂದ. ವರ್ಷಗಟ್ಟಲೆ ಸಾಲದ ಮೇಲೆ ಇಂಧನ ಕೊಟ್ಟ ತೈಲ ಕಂಪನಿ ಅಂದಿನ ಹಾರಾಟಕ್ಕೆ ಅಂದೇ ಹಣ ಕೇಳುತ್ತಿತ್ತು. ಅದೇ ವಾರ ಪೈಲಟ್‌ಗಳ ಕೋಣೆಯಲ್ಲಿ ಯಾರು ನಮ್ಮನ್ನು ಕೊಳ್ಳುತ್ತಾರೆ ಎಂಬ ಬಗ್ಗೆ ಭಾರಿ ಚರ್ಚೆ ನಡೆದಿತ್ತು. ಆ ಟ್ರಕ್ಕಿನ ವಿಷಯವನ್ನು ಯಾರೂ ಎತ್ತಲಿಲ್ಲ.

ಇಂಥವನ್ನು ಗಮನಿಸಲು ಹೇಳಿ. ಕೆಟ್ಟು ನಿಂತ ವಿಮಾನದ ಬಿಡಿಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಎಲ್ಲ ಕಡೆ ಆಗಾಗ ನಡೆಯುತ್ತದೆ. ಅದು ದಿನನಿತ್ಯದ ಅಭ್ಯಾಸವಾಗಿ, ಹಾಗೆ ಬಿಚ್ಚಿಸಿಕೊಂಡ ವಿಮಾನ ಮತ್ತೆ ಹಾರದೇ ಉಳಿದರೆ ಎಚ್ಚರಿಕೆ. ಸಿಮ್ಯುಲೇಟರ್ ತರಬೇತಿ ಕಾರಣ ಹೇಳದೆ ಮುಂದಕ್ಕೆ ಹೋಗುವುದು, ಸಿಬ್ಬಂದಿ ತಂಗುವ ಹೋಟೆಲ್ ಪದೇಪದೇ ಬದಲಾಗುವುದು, ಇವೂ ಅದೇ ಸಾಲಿನವು. ಭವಿಷ್ಯ ನಿಧಿಯ ಪಾಸ್‌ಬುಕ್ ಇನ್ನೂ ಖಚಿತ. ತಿಂಗಳ ವಂತಿಗೆಯನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸಂಬಳದ ಚೀಟಿಯಲ್ಲಿ ಕಡಿತವಾಗಿ ಪಾಸ್‌ಬುಕ್‌ನಲ್ಲಿ ಕಾಣದಿದ್ದರೆ, ಕಂಪನಿ ನೌಕರರ ಹಣದಲ್ಲಿ ದಿನ ದೂಡುತ್ತಿದೆ ಎಂದೇ ತಿಳಿಯಬೇಕು. ಕಡಿತವಾದ ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ಅವನ ಖಾತೆಯಲ್ಲಿ ಕಾಣುತ್ತದೆಯೇ ಎಂಬುದನ್ನೂ ಜೊತೆಗೇ ನೋಡಲಿ.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ತ್ರೈಮಾಸಿಕ ಫಲಿತಾಂಶದ ಜೊತೆ ಲೆಕ್ಕಪರಿಶೋಧಕರ ಟಿಪ್ಪಣಿ ಇರುತ್ತದೆ. ಕಂಪನಿ ಮುಂದುವರಿಯುವ ಬಗ್ಗೆ ಅನಿಶ್ಚಿತತೆ ಇದೆ ಎಂದು ಅವರು ಬರೆದಿದ್ದರೆ ಗಂಭೀರವಾಗಿ ತೆಗೆದುಕೊಳ್ಳಿ, ಆದರೆ ಅದೊಂದರಿಂದಲೇ ತೀರ್ಮಾನಿಸಬೇಡಿ. ಆ ಮಾತು ಬರೆಸಿಕೊಂಡೂ ವರ್ಷಗಟ್ಟಲೆ ಹಾರಿದವರಿದ್ದಾರೆ. ನನ್ನ ಪ್ರಕಾರ ಅದಕ್ಕಿಂತ ತೂಕದ್ದು ವಿಮಾನದ ಮಾಲೀಕರ ನಡೆ. ನಮ್ಮಲ್ಲಿ ಹೆಚ್ಚಿನ ವಿಮಾನಗಳು ಗುತ್ತಿಗೆಯವು. ಬಾಡಿಗೆ ಡಾಲರ್‌ನಲ್ಲಿ, ಟಿಕೆಟ್ ಹಣ ರೂಪಾಯಿಯಲ್ಲಿ. ಬಾಡಿಗೆ ನಿಂತರೆ ಮಾಲೀಕರು ವಿಮಾನದ ನೋಂದಣಿ ರದ್ದುಮಾಡಿ ಎಂದು ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಗೆ ಅರ್ಜಿ ಹಾಕುತ್ತಾರೆ, ಆ ಅರ್ಜಿಗಳು ಡಿಜಿಸಿಎ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಗೋ ಫಸ್ಟ್ 2023ರ ಮೇ 2ರಂದು ದಿವಾಳಿ ಅರ್ಜಿ ಹಾಕಿದಾಗ ಕಾನೂನಿನ ತಡೆಯಿಂದಾಗಿ ವಿಮಾನಗಳು ಸುಮಾರು ಒಂದು ವರ್ಷ ಇಲ್ಲೇ ಸಿಕ್ಕಿಕೊಂಡವು, 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಬಿಡಿಸಿತು. ಈಗ ಹಾಗಿಲ್ಲ. 2023ರ ಅಕ್ಟೋಬರ್‌ನಲ್ಲೇ ಸರ್ಕಾರ ವಿಮಾನಗಳನ್ನು ಆ ತಡೆಯಿಂದ ಹೊರಗಿಟ್ಟಿತು, 2025ರಲ್ಲಿ ಸಂಸತ್ತು ಮಾಲೀಕರ ಹಕ್ಕಿಗೆಂದೇ ಕಾಯ್ದೆ ಮಾಡಿತು. ಅಂದರೆ ಮುಂದೆ ಕಂಪನಿಯೊಂದು ಎಡವಿದರೆ ಬೀಳುವುದು ಇನ್ನೂ ಬೇಗ. ಪೈಲಟ್‌ಗೆ ಸಿಗುವ ಸಮಯವೂ ಅಷ್ಟೇ ಕಡಿಮೆ.

ವಿಲೀನ ನಿಜವಾಗಿಯೂ ನಡೆದರೆ? ಆಗ ಜಗಳವೆಲ್ಲ ಸೀನಿಯಾರಿಟಿ ಪಟ್ಟಿಯ ಮೇಲೆ. ಎರಡು ಪಟ್ಟಿಗಳನ್ನು ಸೇರಿಸುವುದು ಹೇಗೆ? ಕೆಲಸಕ್ಕೆ ಸೇರಿದ ದಿನಾಂಕ ಹಿಡಿಯುವುದೋ, ಈಗಿರುವ ಹುದ್ದೆ ಹಿಡಿಯುವುದೋ? ಅಮೆರಿಕದಲ್ಲಿ 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯುಎ ಕಂಪನಿಯನ್ನು ಕೊಂಡಾಗ ಅಲ್ಲಿನ ಹೆಚ್ಚಿನ ಪೈಲಟ್‌ಗಳನ್ನು ಪಟ್ಟಿಯ ತಳಕ್ಕೆ ಸೇರಿಸಿದರು, ಎಷ್ಟೋ ಜನ ಮುಂದೆ ಕೆಲಸ ಕಳೆದುಕೊಂಡರು. ಆ ಅನ್ಯಾಯ ಕಂಡು ಅಲ್ಲಿನ ಸಂಸತ್ತು 2007ರಲ್ಲಿ ಪಟ್ಟಿಗಳನ್ನು ನ್ಯಾಯವಾಗಿ ಸೇರಿಸಬೇಕೆಂದು ಕಾನೂನನ್ನೇ ತಂದಿತು. ಅದೇ 2007ರಲ್ಲಿ ಇಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಕಾಗದದ ಮೇಲೆ ಒಂದು ಕಂಪನಿ, ಕಾಕ್‌ಪಿಟ್‌ನಲ್ಲಿ ಎರಡೇ ಉಳಿದವು. 2011ರಲ್ಲಿ ಸಮಾನ ವೇತನಕ್ಕಾಗಿ ಒಂದು ಕಡೆಯವರು ಮುಷ್ಕರ ಹೂಡಿದರು. 2012ರಲ್ಲಿ ಹೊಸ ಡ್ರೀಮ್‌ಲೈನರ್ ತರಬೇತಿ ಯಾರಿಗೆ ಎಂಬ ವಿಷಯಕ್ಕೆ ಇನ್ನೊಂದು ಕಡೆಯವರು 58 ದಿನ ಮುಷ್ಕರ ನಡೆಸಿದರು. ತೀರಾ ಇತ್ತೀಚೆಗೆ, 2024ರ ಏಪ್ರಿಲ್‌ನಲ್ಲಿ, ಏರ್ ಇಂಡಿಯಾ ಜೊತೆ ಸೇರುವ ಮೊದಲೇ ವಿಸ್ತಾರಾದ ಪೈಲಟ್‌ಗಳು ಅನಾರೋಗ್ಯದ ರಜೆ ಹಾಕಿದ್ದು ನೆನಪಿರಬಹುದು. ಹೊಸ ವೇತನ ಒಪ್ಪಂದದಲ್ಲಿ ಖಾತರಿ ಸಂಬಳದ ಹಾರಾಟ ಗಂಟೆಗಳು ತಿಂಗಳಿಗೆ 70ರಿಂದ 40ಕ್ಕೆ ಇಳಿದದ್ದು ಅದಕ್ಕೆ ಮುಖ್ಯ ಕಾರಣ.

ಆದರೂ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ವಿಲೀನದಲ್ಲಿ ಪೈಲಟ್ ಕೆಲವು ಸ್ಥಾನ ಕೆಳಗಿಳಿಯಬಹುದು, ಕ್ಯಾಪ್ಟನ್ ಆಗುವುದು ಎರಡು ಮೂರು ವರ್ಷ ತಡವಾಗಬಹುದು. ನನಗಿಂತ ತಡವಾಗಿ ಸೇರಿದವರ ಹೆಸರುಗಳ ಕೆಳಗೆ ನನ್ನ ಹೆಸರು ಕಂಡ ದಿನ ನನಗೆ ಊಟ ಸೇರಲಿಲ್ಲ. ಆದರೆ ನಾನು ಹಾರುತ್ತಿದ್ದೆ, ಸಂಬಳ ಬರುತ್ತಿತ್ತು. ಕಂಪನಿ ನಿಂತಾಗ ಕಂಡ ಕಷ್ಟವೇ ಬೇರೆ.

ಏಕೆಂದರೆ ಹಾರದ ಪೈಲಟ್‌ನ ಅರ್ಹತೆ ತಾನಾಗಿ ಕರಗುತ್ತದೆ. 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಇರಬೇಕು. ಆರು ತಿಂಗಳಿಗೊಮ್ಮೆ ಪ್ರಾವೀಣ್ಯ ಪರೀಕ್ಷೆ. ಕಂಪನಿಯಿದ್ದರೆ ಅದರ ಖರ್ಚು ಕಂಪನಿಯದು. ಇಲ್ಲದಿದ್ದರೆ ಸಿಮ್ಯುಲೇಟರ್ ಬಾಡಿಗೆ ಮನೆಯಿಂದ ಹೋಗಬೇಕು, ಅದೂ ಸಾಲದ ಕಂತು ಬಾಯಿ ತೆರೆದಿರುವಾಗ. ಗೋ ಫಸ್ಟ್ ನಿಂತಾಗ ಅಲ್ಲಿನವರ ಅದೃಷ್ಟಕ್ಕೆ ಅದು ಏರ್‌ಬಸ್ 320 ಕಂಪನಿಯಾಗಿತ್ತು, ಅದೇ ವಿಮಾನ ಹಾರಿಸುವ ಬೇರೆಯವರು ನೇಮಕಾತಿ ನಡೆಸುತ್ತಿದ್ದರು. ಕಂಪನಿ ಮುಳುಗುತ್ತಿರುವಾಗ ಎಲ್ಲರೂ ಒಟ್ಟಿಗೇ ಅರ್ಜಿ ಹಾಕುತ್ತಾರೆ. ಮೊದಲು ಹೋದವನಿಗೆ ಜಾಗ ಸಿಗುತ್ತದೆ.

ಹಾಗಾಗಿ ನಿಮ್ಮ ತಮ್ಮ ಈ ವಾರವೇ ಮಾಡಬೇಕಾದ ಕೆಲಸವಿದೆ. ಡಿಜಿಸಿಎಯ ಇಜಿಸಿಎ ತಾಣದಲ್ಲಿರುವ ಲಾಗ್‌ಬುಕ್‌ನಲ್ಲಿ ಅವನ ಎಲ್ಲ ಗಂಟೆಗಳನ್ನೂ ಕಂಪನಿ ದೃಢೀಕರಿಸಿದೆಯೇ ನೋಡಲಿ. ದೃಢೀಕರಿಸುವ ಅಧಿಕಾರಿ ಇನ್ನೂ ಕುರ್ಚಿಯಲ್ಲಿರುವಾಗಲೇ ಇದು ಮುಗಿಯಬೇಕು. ಬಾಗಿಲು ಹಾಕಿದ ಕಂಪನಿಯಲ್ಲಿ ಸಹಿಗಾಗಿ ಅಲೆದವರನ್ನು ನಾನು ಬಲ್ಲೆ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಪರವಾನಗಿಗೆ 1,500 ಗಂಟೆ ಬೇಕು, ಅದಕ್ಕೆ ಎಷ್ಟು ಕಡಿಮೆಯಿದೆ ಎಂದು ಲೆಕ್ಕ ಹಾಕಲಿ, ಪರೀಕ್ಷೆಗಳನ್ನು ಈಗಲೇ ಬರೆಯಲಿ. ವೈದ್ಯಕೀಯ ಪ್ರಮಾಣಪತ್ರ ಮುಗಿಯುವ ಮೊದಲೇ ನವೀಕರಿಸಿಕೊಳ್ಳಲಿ. ಸಂಬಳದ ಚೀಟಿ, ನೇಮಕಾತಿ ಪತ್ರ, ತರಬೇತಿ ದಾಖಲೆ ಎಲ್ಲವನ್ನೂ ಕಂಪನಿಯ ಇಮೇಲ್‌ನಿಂದ ತನ್ನ ಸ್ವಂತದ ಕಡೆಗೆ ಇಳಿಸಿಕೊಳ್ಳಲಿ.

ಬೇರೆ ಕಡೆ ಸಿಕ್ಕರೂ ಮರುದಿನವೇ ಹೊರಡಲಾಗದು. ಡಿಜಿಸಿಎ ನಿಯಮದಂತೆ ಫಸ್ಟ್ ಆಫೀಸರ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. ‘ಇನ್ನೂ ಸ್ವಲ್ಪ ನೋಡೋಣ’ ಎಂಬ ಅವನ ಮಾತು ದುಬಾರಿಯಾಗುವುದು ಇಲ್ಲೇ. ಇಂದು ನಿರ್ಧರಿಸಿದರೂ ಹೊರಗೆ ಕಾಲಿಡುವುದು ಅರ್ಧ ವರ್ಷದ ನಂತರ. ತರಬೇತಿ ಬಾಂಡ್ ಇದ್ದರೆ ಅದನ್ನೂ ನೋಟಿಸ್ ಷರತ್ತನ್ನೂ ಕಾರ್ಮಿಕ ಕಾನೂನು ತಿಳಿದ ವಕೀಲರಿಗೆ ತೋರಿಸಿ, ಸಂಬಳ ತಡವಾದ ಪ್ರತಿ ತಿಂಗಳ ದಾಖಲೆಯೂ ಜೊತೆಯಲ್ಲಿರಲಿ.

ಕಂಪನಿ ಮುಚ್ಚಿದರೂ ಬಾಕಿ ಸಂಬಳ ಬಂದೇ ಬರುತ್ತದೆ ಎಂದು ಅವನು ಹೇಳಿದರೆ ನಂಬಿ ಮನೆಯ ಲೆಕ್ಕ ಹಾಕಬೇಡಿ. ದಿವಾಳಿ ಸಂಹಿತೆಯ 53ನೇ ಸೆಕ್ಷನ್‌ನಲ್ಲಿ ಮೊದಲು ಪ್ರಕ್ರಿಯೆಯ ಖರ್ಚು, ನಂತರ ಕಾರ್ಮಿಕರ ಬಾಕಿಯೂ ಆಧಾರ ಪಡೆದ ಬ್ಯಾಂಕುಗಳೂ, ಅದರ ನಂತರ ಉಳಿದ ನೌಕರರ ಹನ್ನೆರಡು ತಿಂಗಳ ಬಾಕಿ. ವಿಮಾನಗಳೇ ಬೇರೆಯವರವಾದ ಮೇಲೆ ಹಂಚಲು ಉಳಿಯುವುದೇನು? ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿ ಹಣವನ್ನು ಮಾತ್ರ ಕಾನೂನು ಈ ಸಾಲಿನಿಂದ ಹೊರಗಿಟ್ಟು ಕಾಪಾಡಿದೆ.

ಕೊನೆಯದಾಗಿ ನಿಮ್ಮ ಕೈಯಲ್ಲಿರುವ ಕೆಲಸ. ಸಂಬಳ ಬರುತ್ತಿರುವಾಗಲೇ ಬ್ಯಾಂಕಿಗೆ ಹೋಗಿ ಸಾಲದ ಅವಧಿ ವಿಸ್ತರಿಸಲು ಸಾಧ್ಯವೇ ಕೇಳಿ. ಎರಡು ಕಂತು ತಪ್ಪಿದ ಮೇಲೆ ಹೋದರೆ ಅದೇ ಮ್ಯಾನೇಜರ್ ಬೇರೆಯೇ ಮಾತನಾಡುತ್ತಾರೆ. ಬೇರೆ ಬಗೆಯ ವಿಮಾನ ಹಾರಿಸಲು ಬೇಕಾದ ಅರ್ಹತೆಗೆಂದು (ಟೈಪ್ ರೇಟಿಂಗ್) ಉಳಿದ ಜಮೀನನ್ನು ಆಧಾರ ಇಡಬೇಡಿ. ನೇಮಕಾತಿ ಪತ್ರ ಕೈಗೆ ಬರುವ ಮೊದಲು ಅದಕ್ಕೆ ಹಣ ಕಟ್ಟುವ ಅಗತ್ಯ ಅವನಿಗಿಲ್ಲ. ಅವನು ಹಾರಿಸುತ್ತಿರುವುದು ಯಾವ ವಿಮಾನ ಎಂದು ನೀವು ಬರೆದಿಲ್ಲ. ತಿಳಿಸಿದರೆ, ಯಾವ ಬಗೆಯ ಕಂಪನಿಗಳಿಗೆ ಅರ್ಜಿ ಹಾಕಬಹುದೆಂದು ಇಲ್ಲೇ ಕೆಳಗೆ ಬರೆಯುತ್ತೇನೆ.