ವಿಮಾನ ಓಡಿಸೋದು ಕಲಿತು, ಮೇಲಿಂದ ನಮ್ಮ ಕಡೆಯ ಬೆಟ್ಟ ಕೆರೆಗಳ ಫೋಟೋ ತೆಗೀಬೇಕು. ಎಲ್ಲಿಂದ ಶುರು ಮಾಡಲಿ?

ನೀವು ದಾವಣಗೆರೆಯವರು, ಕ್ಯಾಮೆರಾ ಆಗಲೇ ಇದೆ, ಪೈಲಟ್ ಲೈಸೆನ್ಸ್ ತಗೊಂಡರೆ ಸಾಕಾ ಅಂತ ಕೇಳಿದ್ದೀರಿ. ನಾನು ಚಿತ್ರದುರ್ಗದವನು, ವಿಮಾನ ಓಡಿಸೋದು, ಮೇಲಿಂದ ಫೋಟೋ ತೆಗೆಯೋದು ಎರಡೂ ಕಲಿತಿದ್ದೇನೆ. ನೀವೂ ಎರಡನ್ನೂ ಕಲಿಯಿರಿ. ಆದರೆ ಒಂದೇ ಹೊತ್ತಿಗೆ ಎರಡನ್ನೂ ಮಾಡಲು ಹೋಗಬೇಡಿ.

ಕಲಿಯುತ್ತಿದ್ದಾಗ ಒಂದು ಬೆಳಿಗ್ಗೆ ವಿಮಾನವನ್ನು ಎಡಕ್ಕೆ ತಿರುಗಿಸುತ್ತಿದ್ದೆ. ಕೆಳಗೆ ಒಂದು ಕೆರೆ, ಎಳೆ ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. ಕೈಯಲ್ಲಿ ಕ್ಯಾಮೆರಾನೂ ಇರಲಿಲ್ಲ, ಸುಮ್ನೆ ನೋಡುತ್ತಿದ್ದೆ. ರೆಕ್ಕೆ ವಾಲಿದಾಗ ಎತ್ತಿ ಹಿಡಿಯುವ ಬಲ ಸಾಲುವುದಿಲ್ಲ, ಕಂಟ್ರೋಲ್ ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕು. ಅದನ್ನು ಮರೆತೆ. ಎತ್ತರ ತೋರಿಸುವ ಆಲ್ಟಿಮೀಟರ್ ನೋಡುವಷ್ಟರಲ್ಲಿ 200 ಅಡಿ ಇಳಿದಿದ್ದೆ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದರು, ಕಂಟ್ರೋಲ್ ತಗೊಂಡರು. ನಾನು ಕೆರೆಯೊಂದನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ. ಅವತ್ತಿಂದ ಫೋಟೋ ತೆಗೆಯುವ ದಿನ ನಾನು ವಿಮಾನ ಓಡಿಸುವುದಿಲ್ಲ.

ಲೈಸೆನ್ಸ್ ವಿಷಯಕ್ಕೆ ಬಂದರೆ, ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ತರಬೇತಿ ಶಾಲೆ ಇದೆ. ನಿಮಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಸಾಕು. 17 ವರ್ಷ ತುಂಬಿರಬೇಕು, 40 ಗಂಟೆ ಹಾರಾಟ ಬೇಕು, ಪರೀಕ್ಷೆಗಳಿವೆ. ಮೊದಲು ಮೆಡಿಕಲ್ ಮಾಡಿಸಿ, ಆಮೇಲೆ ಫೀಸು ಕಟ್ಟಿ.

ಲೈಸೆನ್ಸ್ ಇದ್ದರೂ ಮೇಲಿಂದ ಫೋಟೋ ತೆಗೆಯಲು ವಿಮಾನಯಾನ ನಿಯಂತ್ರಿಸುವ ಕೇಂದ್ರ ಸಂಸ್ಥೆ ಡಿಜಿಸಿಎಯ ಅನುಮತಿ ಬೇರೆ ಬೇಕು. ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಇದೆ, ಆ ಕಡೆಯ ಆಸೆ ಬಿಡಿ.

ವಿಮಾನ ಸೆಸ್ನಾ 172 ಥರದ್ದಿರಲಿ. ರೆಕ್ಕೆ ತಲೆ ಮೇಲಿರುತ್ತದೆ, ನೆಲ ಕಾಣುತ್ತದೆ. ಕಿಟಕಿ ತೆರೆದೇ ತೆಗೆಯಿರಿ, ಪ್ಲಾಸ್ಟಿಕ್ ಮೂಲಕ ತೆಗೆದ ಚಿತ್ರ ಮಂಕಾಗುತ್ತದೆ. ಲೆನ್ಸ್ ಕಿಟಕಿಯಿಂದಾಚೆ ಹೋಗದಿರಲಿ, ಗಾಳಿ ಎಳೆದಾಡುತ್ತದೆ. ಮೊಣಕೈಯನ್ನು ಬಾಗಿಲಿಗೆ ಒರಗಿಸಬೇಡಿ, ಎಂಜಿನ್ ನಡುಕ ನೇರ ಚಿತ್ರಕ್ಕೇ ಬರುತ್ತದೆ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ನಿಧಾನ ಆಗಬಾರದು.

ಹೊತ್ತು ಎಲ್ಲಕ್ಕಿಂತ ಮುಖ್ಯ. ನಮ್ಮದು ಬಂಡೆಗಳ ಸೀಮೆ ಅಲ್ವಾ? ನಡು ಮಧ್ಯಾಹ್ನ ಮೇಲಿಂದ ನೋಡಿದರೆ ದುರ್ಗದ ಏಳು ಸುತ್ತಿನ ಕೋಟೆಯೂ ಚಪ್ಪಟೆಯೇ. ಸೂರ್ಯ ಕೆಳಗಿದ್ದಾಗ ಒಂದೊಂದು ಬಂಡೆಯೂ ತನ್ನ ನೆರಳನ್ನು ಉದ್ದಕ್ಕೆ ಚಾಚುತ್ತದೆ, ಗೋಡೆ ಎಲ್ಲಿ ಮುಗಿದು ಬಂಡೆ ಎಲ್ಲಿ ಶುರು ಅಂತ ಆಗಲೇ ತಿಳಿಯುವುದು. ಬಿಸಿಲೇರಿದ ಮೇಲೆ ಕಾದ ಕಲ್ಲಿನಿಂದ ಗಾಳಿ ಮೇಲೇಳುತ್ತದೆ, ಸಣ್ಣ ವಿಮಾನ ಜಾಸ್ತಿ ಕುಲುಕುತ್ತದೆ. ಅದಕ್ಕೇ ಬೆಳಿಗ್ಗೆ.

ಅನುಮತಿ ಸಿಗುವವರೆಗೆ ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಕ್ಕೆ ಬನ್ನಿ. ಒಂದು ನೋಟ್‌ಬುಕ್ ತನ್ನಿ. ಯಾವ ಕೆರೆಗೆ ಮೊದಲು ಬೆಳಕು ಬೀಳುತ್ತದೆ, ಗಾಳಿಯಂತ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆ, ಮಂಜು ಎಷ್ಟು ಹೊತ್ತಿಗೆ ಕರಗಿತು ಅಂತ ಬರೆದುಕೊಳ್ಳಿ. ಮಾರಿಕಣಿವೆ ಜಲಾಶಯ, ಸೂಳೆಕೆರೆ ಹತ್ತಿರವೂ ಹಾಗೇ ಮಾಡಿ. ಮೇಲೆ ಹೋದ ದಿನ ಪೈಲಟ್‌ಗೆ ಎಲ್ಲಿ ತಿರುಗಬೇಕು ಅಂತ ನಾನು ಹೇಳುವುದು ಅಂಥದ್ದೇ ಒಂದು ನೋಟ್‌ಬುಕ್ ನೋಡಿಕೊಂಡು.